ಯಾರ ಪೈಕಿ ರೀ ನೀವು?

ಗಜೇಂದ್ರಗಡದಲ್ಲಿ ಹೊಸಬರು ಬಸ್ಸಿನಿಂದ ಇಳಿದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: ‘ಯಾರ ಪೈಕಿ ರೀ ನೀವು?’ ಊರು, ಮನೆತನ, ಮಠ, ಬೀಗರು, ಈ ನಾಲ್ಕೂ ಇತ್ಯರ್ಥವಾಗುವ ತನಕ ಚಹಾ ಬರುವುದಿಲ್ಲ. ಇದೇ ಪ್ರಶ್ನೆಯನ್ನು ಕಸುಬಾಗಿ ಮಾಡಿಕೊಂಡವರೊಬ್ಬರು ನಮ್ಮ ಮೈಯೊಳಗೇ ಇದ್ದಾರೆ. ಪೂರ್ಣ ಹೆಸರು ಹ್ಯೂಮನ್ ಲ್ಯೂಕೊಸೈಟ್ ಆ್ಯಂಟಿಜನ್, ಕರೆಯುವುದು ಎಚ್‌ಎಲ್‌ಎ ಎಂದು. ಕಾಯಂ ವಿಳಾಸ ಆರನೇ ವರ್ಣತಂತು. ಕಾಲಕಾಲೇಶ್ವರ ಗುಡ್ಡದ ಬುಡದಲ್ಲಿ ಮಿರ್ಚಿ ಭಜಿ ಮುಂದಿಟ್ಟು ಅವರನ್ನು ಮಾತಿಗೆಳೆದೆವು.

ಪ್ರಶ್ನೆ: ಗಜೇಂದ್ರಗಡ ಕೋಟೆಯ ಊರು. ನೀವೂ ದೇಹವೆಂಬ ಕೋಟೆಯ ಕಾವಲುಗಾರರಲ್ಲವೇ?

ಎಚ್‌ಎಲ್‌ಎ: ಭಾಷಣದಾಗ ಹಂಗ ಅಂತಾರ್ರಿ. ನನ್ನ ಕೈಯಾಗ ಕತ್ತಿ ಎಲ್ಲೈತಿ? ನನ್ನ ಕೆಲಸ ಬರೇ ತೋರ್ಸೂದು. ಜೀವಕೋಶದ ಒಳಗ ಏನು ಅಡಗಿ ನಡದೈತಿ ಅನ್ನೂದರ ಒಂದು ಚೂರು, ಎಂಟು-ಹತ್ತು ಅಮೈನೊ ಆಮ್ಲದ್ದು, ತಂದು ಹೊರಗ ಕಟ್ಟಿ ಮ್ಯಾಲ ಇಡ್ತೇನಿ. ಟಿ-ಕೋಶ ಅನ್ನಾವರು ಓಣಿ ತಿರುಗಿಕೋತ ನೋಡ್ತಾರ. ಮನಿ ಅಡಗಿ ಆದ್ರ ಮುಂದ ಹೋಗ್ತಾರ. ವೈರಸ್ಸಿನ ಚೂರು ಕಂಡ್ರ ಆ ಮನೀನ ಕೆಡವ್ತಾರ. ತೋರ್ಸೋ ಕೈ ಸ್ವಂತದ್ದೇ ಆಗಿದ್ರ ಮಾತ್ರ ಅವರು ನಂಬ್ತಾರ ಅನ್ನೂದನ್ನ 1974ರಾಗ ಕ್ಯಾನ್‌ಬೆರಾದಾಗ ಡೊಹರ್ಟಿ, ಜಿಂಕರ್‌ನಾಗೆಲ್ ಇಬ್ಬರೂ ಇಲಿ ಇಟಗೊಂಡು ಕಂಡುಹಿಡದ್ರು. 1996ರಾಗ ಅವರಿಗೆ ನೊಬೆಲ್ ಬಂತು. ನನಗ ಈ ಭಜಿ.

ಪ್ರಶ್ನೆ: ನೀವು ಮೊದಲು ಸಿಕ್ಕಿಬಿದ್ದದ್ದು ಯಾರ ಕೈಗೆ?

ಎಚ್‌ಎಲ್‌ಎ: 1958ರಾಗ ಪ್ಯಾರಿಸ್ಸಿನ ಜಾನ್ ದೊಸ್ಸೆ ಅವರ ಕೈಗೆ, ಮ್ಯಾಲಿಂದ ಮ್ಯಾಲ ರಕ್ತ ಹಾಕಿಸಿಕೊಂಡವರ ರಕ್ತದಾಗ. ಅದೇ ವರ್ಷ ಹಾಲೆಂಡಿನ ವಾನ್ ರೂಡ್, ಅಮೆರಿಕಾದ ರೋಸ್ ಪೇನ್ ಅವರಿಗೂ ಸುಳಿವು ಸಿಕ್ತು. ಎಲ್ಲಿ ಅಂತೀರಿ? ನಾಕಾರು ಹಡದ ತಾಯಂದಿರ ರಕ್ತದಾಗ! ಹೊಟ್ಟ್ಯಾಗಿನ ಕೂಸಿನಾಗ ಅರ್ಧ ಅಪ್ಪಂದು ಇರ್ತೈತಲ್ಲ, ಆ ಅರ್ಧದ ವಿರುದ್ಧ ಕೆಲವು ತಾಯಂದಿರ ಮೈ ಪ್ರತಿಕಾಯ ತಯಾರ ಮಾಡಿ ಇಟಗೊಂಡಿರ್ತೈತಿ. ಗಂಡನ ಮ್ಯಾಲಿನ ತಕರಾರು, ಲಿಖಿತದಾಗ. ಮುಂದ ಅಕಿಗೇ ಗಂಡನ ಕಿಡ್ನಿ ಹಾಕೂ ಪ್ರಸಂಗ ಬಂದ್ರ ಡಾಕ್ಟರು ಮೊದಲು ಆ ತಕರಾರು ಓದಬೇಕಾಗ್ತೈತಿ.

ಪ್ರಶ್ನೆ: ಗಂಡಂದಿರಿಗೆ ಇದು ಚಿಂತೆಯ ವಿಷಯವಲ್ಲವೇ?

ಎಚ್‌ಎಲ್‌ಎ: ಅವರು ಅಷ್ಟು ಚಿಂತಿ ಮಾಡೂದು ಬ್ಯಾಡ್ರಿ. ಈ ದೇಶದಾಗ ಜೀವಂತ ಇದ್ದು ಅಂಗ ಕೊಡಾವರಾಗ ಹೆಣ್ಣುಮಕ್ಕಳ ಹೆಚ್ಚು.

ಪ್ರಶ್ನೆ: ಟಿಪ್ಪು ಮತ್ತು ಮರಾಠರು 1787ರಲ್ಲಿ ಒಪ್ಪಂದ ಮಾಡಿಕೊಂಡ ಊರಿದು. ನೀವು ಎಂದಾದರೂ ರಾಜಿಯಾದದ್ದುಂಟೇ?

ಎಚ್‌ಎಲ್‌ಎ: ಬಸುರಿ ಇದ್ದಾಗ ಆಗ್ತೇನ್ರಿ. ತಾಯಿ ಗರ್ಭಕೋಶಕ್ಕ ತಾಗೂ ಮಾಸಿನ ಕೋಶಗಳ ಮ್ಯಾಲ ನಮ್ಮ ಎ, ಬಿ ಅನ್ನೂ ಜಗಳಗಂಟ ಅಣ್ಣತಮ್ಮಂದಿರು ಮುಖಾನ ತೋರ್ಸಂಗಿಲ್ಲ. ಜಿ ಅಂತ ಒಬ್ಬ ಸಮಾಧಾನಿ ಅದಾನ, ಅವನ್ನ ಮುಂದ ಬಿಡ್ತೇವಿ. ಇಲ್ಲಂದ್ರ ನೀವು ಇವತ್ತು ಇಲ್ಲಿ ಕುಂತು ಪ್ರಶ್ನೆ ಕೇಳ್ತಿದ್ದಿಲ್ಲ.

ಪ್ರಶ್ನೆ: ಕಾಯಿಲೆಗಳಲ್ಲೂ ನಿಮ್ಮ ಕೈವಾಡವಿದೆ ಎಂಬ ಆರೋಪವಿದೆ.

ಎಚ್‌ಎಲ್‌ಎ: ಒಪ್ಪಿದೆ. ನಮ್ಮ ಬಿ-27ನ ಸುದ್ದಿ 1973ರಾಗ ಹೊರಗ ಬಿತ್ತು. ಅವನಿದ್ದ ಕೆಲವು ಹರೇದ ಹುಡುಗರಿಗೆ ಬೆಳಿಗ್ಗೆ ಏಳುವಾಗ ಬೆನ್ನು ಕಟ್ಟಿಗಿ ಆಗ್ತೈತಿ, ಓಡಾಡಿದ ಮ್ಯಾಲ ಸಡಲ ಆಗ್ತೈತಿ. ಮಂದಿ ಮಗ್ಗಕ್ಕ ಬೈತಾರ, ಗಾಡಿಗೆ ಬೈತಾರ, ಬಿ-27ನ ಹೆಸರು ಯಾರೂ ಎತ್ತಂಗಿಲ್ಲ. ಹಂಗಂತ ಬಿ-27 ಇದ್ದವರಿಗೆಲ್ಲ ರೋಗ ಬರಂಗಿಲ್ಲ. ಹೆಚ್ಚಿನವರು ಆರಾಮ ಇರ್ತಾರ. ಇನ್ನೊಬ್ಬ ಬಿ-15:02. ಅವನಿದ್ದ ಮೈಗೆ ಮೂರ್ಛೆರೋಗದ ಕಾರ್ಬಮಜೆಪಿನ್ ಗುಳಿಗಿ ಹೋದ್ರ ಕೆಲವೊಮ್ಮೆ ಸುಟ್ಟಂಗ ಚರ್ಮ ಸುಲೀತೈತಿ. 2004ರಾಗ ತೈವಾನಿನವರು ಇದನ್ನ ಹಿಡದ್ರು. ಗುಳಿಗಿ ಕೊಡೂಕಿಂತ ಮೊದಲು ‘ಯಾರ ಪೈಕಿ’ ಅಂತ ಕೇಳಿದ್ರ ಜೀವ ಉಳೀತೈತಿ. ಕೇಳಬೇಕಾದಲ್ಲಿ ನೀವು ಕೇಳಂಗಿಲ್ಲ ನೋಡ್ರಿ.

ಪ್ರಶ್ನೆ: ಜಾತಿಯ ಬಗ್ಗೆ ನಿಮ್ಮ ನಿಲುವೇನು?

ಎಚ್‌ಎಲ್‌ಎ: ನನ್ನ ಫಾರ್ಮಿನಾಗ ಆ ಕಾಲಂ ಇಲ್ರಿ. ಆದ್ರ ನಿಮ್ಮ ಹಿರೇರು ತಲಿತಲಾಂತರದಿಂದ ಅವೇ ಹತ್ತು ಮನಿಯೊಳಗ ಕೊಟ್ಟು ತಂದದ್ದು ನನ್ನ ಖಾತೆದಾಗ ಐತಿ. ಅಕ್ಕನ ಮಗಳನ್ನ ಮಾಡ್ಕೊಂಡ್ರ ಆಸ್ತಿ ಒಡಿಯಂಗಿಲ್ಲ ಅಂತೀರಿ. ಆಸ್ತಿ ಉಳೀತು ಖರೆ, ಹುಟ್ಟಿದ ಕೂಸಿಗೆ ಅಪ್ಪನ ಕಡಿಂದ ಬಂದದ್ದ ಅವ್ವನ ಕಡಿಂದನೂ ಬರೂ ಸಂಭವ ಹೆಚ್ಚಾತು. ಎರಡು ಥರದ ಎಚ್‌ಎಲ್‌ಎ ಇದ್ರ ಎರಡು ಥರದ ವೈರಸ್ ಚೂರು ಹಿಡೀಬಹುದು. ಒಂದ ಥರ ಇದ್ರ ಒಂದ. ಎಚ್‌ಐವಿ ಬಂದವರಾಗ ಎರಡೂ ಕಡಿ ಬ್ಯಾರೆ ಬ್ಯಾರೆ ಇದ್ದವರು ಏಡ್ಸ್‌ಗೆ ಜಾರೂದು ನಿಧಾನ ಅಂತ 1999ರಾಗ ತೋರಿಸ್ಯಾರ. ಜಗತ್ತಿನಾಗ ನನ್ನ ರೂಪ 30,000ಕ್ಕೂ ಹೆಚ್ಚು ಅದಾವು. ಎಲ್ಲಾರೂ ಒಂದೇ ನಮೂನಿ ಇರಬೇಕು ಅನ್ನಾವರ ಮಾತು ನಡದಿದ್ರ, ಒಂದೇ ಒಂದು ಶ್ಯಾಣ್ಯಾ ವೈರಸ್ ಸಾಕಿತ್ತು, ಊರಿಗೆ ಊರ ಖಾಲಿ.

ಪ್ರಶ್ನೆ: ಈ ಊರಿನ ಹುಡುಗನೊಬ್ಬನಿಗೆ ರಕ್ತದ ಕ್ಯಾನ್ಸರ್ ಬಂದು, ಬೇರೆಯವರ ಅಸ್ಥಿಮಜ್ಜೆ ಬೇಕಾದರೆ?

ಎಚ್‌ಎಲ್‌ಎ: ಮೊದಲು ಒಡಹುಟ್ಟಿದವರನ್ನ ಕರೀತಾರ. ಒಬ್ಬೊಬ್ಬರು ಪೂರಾ ಹೊಂದೂ ಸಂಭವ ನಾಕರಾಗ ಒಂದು. ಮನಿಗೆ ಎರಡ ಮಕ್ಕಳಿರೂ ಕಾಲದಾಗ ಲೆಕ್ಕ ನೀವ ಹಾಕ್ರಿ. ಆಮ್ಯಾಲ ಹೊರಗಿನವರ ಪಟ್ಟಿ ನೋಡಬೇಕು. ಬೆಂಗಳೂರಾಗ ಡಿಕೆಎಂಎಸ್ ಅಂತ ಸಂಸ್ಥಾ ಐತಿ, ಅದು ದಾನಿಗಳ ಹೆಸರು ಹಚಗೋತೈತಿ. ಪರದೇಶದ ಪಟ್ಟಿ ಉದ್ದ ಅದಾವು, ಆದ್ರ ಅವುಗಳಾಗ ಅವರ ಮಂದೀನ ಹೆಚ್ಚು. ನಿಮ್ಮ ರೂಪ ಸಿಗಬೇಕಂದ್ರ ನಿಮ್ಮ ಕಡಿಯವರು ಹೆಸರು ಹಚ್ಚಿರಬೇಕು.

ಪ್ರಶ್ನೆ: ಒಮ್ಮೆ ದೂರದವರ ಜೊತೆ ಬೆರೆಯಿರಿ ಎನ್ನುತ್ತೀರಿ, ಇನ್ನೊಮ್ಮೆ ನಮ್ಮವರೇ ಬೇಕು ಎನ್ನುತ್ತೀರಿ. ಎರಡು ನಾಲಿಗೆಯ ಮಾತಲ್ಲವೇ ಇದು?

ಎಚ್‌ಎಲ್‌ಎ: ಬೆರಕಿ ಆದಷ್ಟು ಹೊಂದಾವರನ್ನ ಹುಡುಕೂದು ತ್ರಾಸ, ಖರೆ ಐತಿ. ಅದಕ್ಕ ಬೆರಕಿ ಬಿಡೂದಲ್ರಿ, ಪಟ್ಟಿ ಉದ್ದ ಮಾಡೂದು. ನೀವು ಉಲ್ಟಾ ಮಾಡೀರಿ. ಹೆಣ್ಣು ಹುಡುಕಾಕ ಮೂರು ಓಣಿ ದಾಟಂಗಿಲ್ಲ, ಪಟ್ಟಿಗೆ ಹೆಸರು ಕೊಡ್ರಿ ಅಂದ್ರ ಮನ್ಯಾಗ ಕೇಳಬೇಕು ಅಂತೀರಿ. ಕುಂಡಲಿ ಕೂಡಿಸಾಕ ರೊಕ್ಕಾ ಕೊಟ್ಟು ಜೋಯಿಸರ ಮನಿ ಮುಂದ ಪಾಳಿ ಹಚ್ತೀರಿ. ನನ್ನ ಕೂಡಿಸಾಕ ಗಲ್ಲದ ಒಳಗ ಹತ್ತಿ ಕಡ್ಡಿ ಆಡ್ಸಿದ್ರ ಆತು, ಪುಕ್ಕಟೆ. ಅದಕ್ಕ ಮಾತ್ರ ಅಮವಾಸಿ ಮುಗೀಲಿ ಅಂತೀರಿ!