ರಿಮೋಟಿನ ಮಾತು

ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರೆ ನೇರಳೆ ಮಿಣುಕು ಕಾಣುತ್ತಲ್ಲ, ಅದನ್ನು ಕಂಪ್ಯೂಟರಿಗೆ ಓದಿಸಿ ನೋಡಬೇಕು ಕಣ್ರೀ, ಹೊತ್ತು ಹೋಗೋದೇ ಗೊತ್ತಾಗಲ್ಲ. ಬೇಕಾಗೋದು ಟಿಎಸ್‌ಒಪಿ 1738 ಅನ್ನೋ ಮೂರು ಕಾಲಿನ ಪುಟಾಣಿ ರಿಸೀವರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಕೊಡ್ತಾರೆ. ಸೆಕೆಂಡಿಗೆ 38 ಸಾವಿರ ಸಲ ಮಿಡಿಯೋ ಬೆಳಕನ್ನೇ ಅದು ಆರಿಸಿಕೊಳ್ಳುತ್ತೆ. ಹೆಸರಿನ ಕೊನೆಯ 38 ಅದೇ. ಅದನ್ನು ಕಂಪ್ಯೂಟರಿಗೆ ಜೋಡಿಸಿದ ಆರ್ಡುವಿನೋ ಬೋರ್ಡಿಗೆ ಸಿಕ್ಕಿಸಿ ಒಂದು ಗುಂಡಿ ಒತ್ತಿ, ಪರದೆ ಮೇಲೆ 9000, 4500, 560, 560, 560, 1690 ಅಂತ ಸಾಲು ಸಾಲು ಮೈಕ್ರೋಸೆಕೆಂಡು ಸುರಿಯುತ್ತೆ.

ಎನ್‌ಇಸಿ ಅನ್ನೋ ಸಂಕೇತ ಪದ್ಧತಿಯ ಮೂಲ ರೂಪ ಬಳಸೋ ರಿಮೋಟಾದರೆ ಮೊದಲು ಒಂಬತ್ತು ಮಿಲಿಸೆಕೆಂಡು ಬೆಳಕು, ಹಿರಿಯರು ಹೊಸಿಲು ದಾಟೋ ಮುಂಚೆ ಕೆಮ್ಮೋ ಹಾಗೆ. ಆಮೇಲಿನ ಬೆಳಕೆಲ್ಲ ಒಂದೇ ಅಳತೆ. ನಡುವಿನ ಕತ್ತಲೆ ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ವಿಷಯವೆಲ್ಲ ಕತ್ತಲೆಯಲ್ಲೇ ಇದೆ, ಅಲ್ವಾ? ಒಟ್ಟು 32 ಬಿಟ್‌ಗಳು. ಎಂಟು ಬಿಟ್ಟಿನಲ್ಲಿ ವಿಳಾಸ, ಮುಂದಿನ ಎಂಟರಲ್ಲಿ ಅದನ್ನೇ ತಿರುವುಮುರುವು ಮಾಡಿ, ಅಂದರೆ ಸೊನ್ನೆಗೆ ಒಂದು, ಒಂದಕ್ಕೆ ಸೊನ್ನೆ ಹಾಕಿ, ಇನ್ನೊಮ್ಮೆ. ಆಜ್ಞೆಗೂ ಹಾಗೇ. ಎರಡೂ ತಾಳೆಯಾಗದಿದ್ದರೆ ಟಿವಿ ಕಿವಿಗೇ ಹಾಕಿಕೊಳ್ಳಲ್ಲ. ಹೀಗಾಗಿ ಯಾವ ಗುಂಡಿ ಒತ್ತಿದರೂ ಸೊನ್ನೆ ಹದಿನಾರು, ಒಂದು ಹದಿನಾರು. ಹಿಡಿಯೋ ಸಮಯವೂ ಒಂದೇ! ಎಷ್ಟು ಅಚ್ಚುಕಟ್ಟು ನೋಡಿ.

ನಮ್ಮಜ್ಜಿ ವಾರ್ತೆ ಶುರುವಾದರೆ ಸಾಕು, ಕೈ ಚಾಚಿ ವಾಲ್ಯೂಮ್ ಗುಂಡಿ ಅದುಮಿದರೆ ಬಿಡುತ್ತಲೇ ಇರಲಿಲ್ಲ. ರಿಮೋಟಿಗೆ ಪ್ಲಾಸ್ಟಿಕ್ ಕವರು ಬೇರೆ, ಅದರ ಮೇಲೊಂದು ರಬ್ಬರ್ ಬ್ಯಾಂಡು... ಹಾಗೆ ಅದುಮಿ ಹಿಡಿದಾಗ ಎನ್‌ಇಸಿ ರಿಮೋಟು ಹೇಳಿದ್ದನ್ನೇ ಪೂರ್ತಿ ಹೇಳಲ್ಲ. ಒಂಬತ್ತು ಮಿಲಿಸೆಕೆಂಡು ಬೆಳಕು, ಎರಡೂಕಾಲು ಕತ್ತಲೆ, ಕೊನೆಗೊಂದು ಚುಟುಕು ಮಿಣುಕು. ‘ಹೂಂ, ಅದೇ, ಇನ್ನೂ’ ಅಂದ ಹಾಗೆ.

ಏಸಿ ರಿಮೋಟಿನ ಕಥೆಯೇ ಬೇರೆ. ಒಂದು ಡಿಗ್ರಿ ಏರಿಸಿದರೂ ‘ಏರಿಸು’ ಅಂತಷ್ಟೇ ಹೇಳಿ ಸುಮ್ಮನಾಗಲ್ಲ ಅದು. ತಂಪು, 24 ಡಿಗ್ರಿ, ಫ್ಯಾನು ಇಷ್ಟು, ರೆಕ್ಕೆ ಹೀಗೆ ಅಂತ ಸಾಮಾನ್ಯವಾಗಿ ಪೂರ್ತಿ ಪಟ್ಟಿಯನ್ನೇ ಒಪ್ಪಿಸುತ್ತೆ. ಏಸಿ ತಿರುಗಿ ಉತ್ತರ ಕೊಡಲ್ಲವಲ್ಲ, ಒಂದು ಸಲ ತಪ್ಪಿಹೋದರೂ ಮುಂದಿನ ಸಲ ಎಲ್ಲ ಸರಿಹೋಗಲಿ ಅಂತ. ಅದಕ್ಕೇ ಅದನ್ನು ಬಿಡಿಸೋದು ಕಷ್ಟ. 23ಕ್ಕೆ ಒಮ್ಮೆ, 24ಕ್ಕೆ ಒಮ್ಮೆ ಹಿಡಿದು ಎಲ್ಲಿ ಬದಲಾಯ್ತು ಅಂತ ಪಕ್ಕಪಕ್ಕ ಇಟ್ಟು ನೋಡಬೇಕು.

ಅಂದಹಾಗೆ, ನಿಮ್ಮ ಹಳೇ ಡಿವಿಡಿ ಪ್ಲೇಯರಿನ ರಿಮೋಟು ಇನ್ನೂ ಜೀವ ಹಿಡಿದಿದೆಯಾ? ಕೊಟ್ಟಿರಿ. ರಬ್ಬರು ಪೂರ್ತಿ ಸವೆಯೋ ಮುಂಚೆ ಗುಂಡಿಗಳನ್ನೆಲ್ಲ ಒತ್ತಿ ಬರೆದಿಟ್ಟುಕೊಂಡರೆ, ಆಮೇಲೆ ಕಂಪ್ಯೂಟರೇ ಅದರ ಕೆಲಸ ಮಾಡಿಕೊಡುತ್ತೆ.