ಹನ್ನೆರಡು ಮಿಲಿಸೆಕೆಂಡು

ನಮ್ಮ ಮನೆಯ ಕಂಪ್ಯೂಟರಿನೊಳಗಿನ ಬಿಲ್ಲೆ ಬ್ಯಾಟರಿ ಸತ್ತು, ಅದು ದಿನಾ ಬೆಳಿಗ್ಗೆ 2009ನೇ ಇಸವಿಯಲ್ಲಿ ಕಣ್ಣು ಬಿಡತೊಡಗಿತು. ಬ್ಯಾಂಕಿನ ಜಾಲತಾಣ ಬಾಗಿಲಲ್ಲೇ ನಿಲ್ಲಿಸಿತು. ಬೇರೆಯವರಾಗಿದ್ದರೆ ಬ್ಯಾಟರಿ ಬದಲಿಸಿ ಸುಮ್ಮನಾಗುತ್ತಿದ್ದರು. ನಾನೂ ಬದಲಿಸಿದೆ, ಸುಮ್ಮನಾಗಲಿಲ್ಲ, ಅಷ್ಟೇ.

ಜಾಲದ ಮೂಲಕ ಗಡಿಯಾರ ಸರಿಮಾಡಿಕೊಳ್ಳುವ ಎನ್‌ಟಿಪಿ ಎಂಬ ಪದ್ಧತಿಯಿದೆ. 1985ರಿಂದ ಬಳಕೆಯಲ್ಲಿದೆ, ಡೇವಿಡ್ ಮಿಲ್ಸ್ ರೂಪಿಸಿದ್ದು. ಕಂಪ್ಯೂಟರು ದೂರದ ಸರ್ವರನ್ನು 'ಗಂಟೆ ಎಷ್ಟು?' ಎಂದು ಕೇಳುತ್ತದೆ. ಉತ್ತರ ಬರುವಷ್ಟರಲ್ಲಿ ಹೊತ್ತು ಕಳೆದಿರುತ್ತದಲ್ಲ, ಹೋಗಿಬಂದ ಹೊತ್ತಿನಲ್ಲಿ ಅರ್ಧ ಸೇರಿಸಿಕೊಳ್ಳುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಸಮ ಹಿಡಿಯುತ್ತದೆಂಬ ಈ ನಂಬಿಕೆ ಬೆಂಗಳೂರಿನಲ್ಲಿ ಬಸ್ಸು ಹತ್ತದವರದು. ಇರಲಿ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಕಾಯ್ದಿಟ್ಟ ಪರಮಾಣು ಸಮಯ ನಮ್ಮ ಪಡಸಾಲೆಗೆ ಬಂತು. ಸೀಸಿಯಂ ಪರಮಾಣುವಿನ ವಿಕಿರಣ 919,26,31,770 ಸಲ ಕಂಪಿಸಿದರೆ ಒಂದು ಸೆಕೆಂಡು. ನಾನು ಒಂದನ್ನೂ ಬಿಡುವವನಲ್ಲ.

ಮೂರನೆಯ ರಾತ್ರಿ, ಸರ್ವರಿಗೂ ನಮ್ಮ ಗಡಿಯಾರಕ್ಕೂ ಇರುವ ಅಂತರ ತೋರಿಸುವ ಪರದೆಯ ಮೇಲಿನ ಅಂಕಿ ಜಾರಿತು. ಹನ್ನೆರಡು ಮಿಲಿಸೆಕೆಂಡು! ರೆಪ್ಪೆ ಮಿಟುಕಿಸಲು ಅದರ ಎಷ್ಟೋ ಪಟ್ಟು ಹೊತ್ತು ಬೇಕು. ಆದರೆ ನಾನು ರೆಪ್ಪೆ ಮಿಟುಕಿಸದೆ ಕೂತಿದ್ದೆ. ಕಂಪ್ಯೂಟರಿನ ಗಡಿಯಾರ ನಡೆಸುವ ಕ್ವಾರ್ಟ್ಸ್ ಹರಳಿನ ಓಟ ಶಾಖ ಬದಲಾದರೆ ಬದಲಾಗುತ್ತದೆಂದು ಓದಿದ್ದೆನಲ್ಲ, ಎದ್ದು ಫ್ಯಾನ್ ಆರಿಸಿದೆ.

"ರೀ, ಯಾಕ್ರೀ?" ಎಂದಳು ಹೆಂಡತಿ.

"ಹರಳಿಗೆ ಶೀತ ಆಗುತ್ತೆ."

ಏಪ್ರಿಲ್ ತಿಂಗಳು. ಅಂಕಿ ಜಗ್ಗಲಿಲ್ಲ. ಕಿಟಕಿಯ ಗಾಳಿಯಿರಬೇಕೆಂದು ಕಿಟಕಿ ಮುಚ್ಚಿದೆ. ಬಲ್ಬಿನ ಶಾಖವಿರಬೇಕೆಂದು ಬಲ್ಬು ಆರಿಸಿದೆ. ಕತ್ತಲಲ್ಲಿ ಅಮ್ಮ ತಡಕಾಡಿ ಬೀಸಣಿಗೆ ತಂದು ಕೂತರು. "ಅಮ್ಮಾ, ಆ ಕಡೆ ತಿರುಗಿ ಬೀಸ್ಕೊ," ಎಂದೆ. ಎಂಬತ್ತರ ಮುದುಕಿ ಮಾತಾಡದೆ ಗೋಡೆಗೆ ಮುಖ ಮಾಡಿ ಗಾಳಿ ಹಾಕಿಕೊಂಡರು. ಹೀಗೆ ನಾಲ್ಕು ರಾತ್ರಿ ಬೆಂದೆವು. ಐದನೆಯ ದಿನ ಮಗ ಅಜ್ಜನೂರಿಗೆ ಹೋದ, ಅಂಕಿ ತಾನಾಗಿ ನೆಟ್ಟಗಾಯಿತು. ಭೂಪ ರಾತ್ರಿಯೆಲ್ಲ ಸಿನಿಮಾ ಇಳಿಸಿಕೊಳ್ಳುತ್ತಿದ್ದನಂತೆ! ಬರುವ ದಾರಿ ಮಾತ್ರ ಕಿಕ್ಕಿರಿದು, ಅರ್ಧದ ಲೆಕ್ಕ ತಪ್ಪಿತ್ತು. ಬಸ್ಸಿನ ವಿಷಯ ನಾನು ಮೊದಲೇ ಹೇಳಿದ್ದೆ.

ಇಷ್ಟು ನಿಖರವಾದ ಸಮಯ ಹೊತ್ತುಕೊಂಡು ಮೊನ್ನೆ ಒಂದು ಪುಸ್ತಕ ಬಿಡುಗಡೆಗೆ ಹೋದೆ. 'ಸಂಜೆ 5-30ಕ್ಕೆ ಸರಿಯಾಗಿ' ಎಂದಿತ್ತು. ಅತಿಥಿಗಳು ಏಳಕ್ಕೆ ಬಂದು ಕಾಲದ ಮಹತ್ವ ಕುರಿತು ಮಾತಾಡಿದರು. ಸರಿಯಾಗಿ ಎಂಬ ಪದವನ್ನು ನಿಘಂಟಿನಿಂದ ತೆಗೆದುಹಾಕಬೇಕು.

ಪಡಸಾಲೆಯ ಗೋಡೆ ಗಡಿಯಾರ ಮಾತ್ರ ಹತ್ತು ನಿಮಿಷ ಮುಂದಿದೆ. ನನಗೆ ಸ್ಕೂಲು ತಪ್ಪದಿರಲಿ ಎಂದು ಅಪ್ಪ ಇಟ್ಟದ್ದು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಸೆಲ್ ಬದಲಿಸುವಾಗಲೂ ಅಮ್ಮ ನೆನಪಿಟ್ಟು ಹತ್ತು ನಿಮಿಷ ಮುಂದಕ್ಕೆ ತಿರುಗಿಸುತ್ತಾರೆ. ನಾನು ಸ್ಟೂಲು ಹಿಡಿದುಕೊಂಡು ನಿಲ್ಲುತ್ತೇನೆ. ನಮ್ಮ ಮನೆಗೆ ಬಂದರೆ ಅದನ್ನು ನೋಡಿ ಗಡಿಬಿಡಿಯಿಂದ ಏಳಬೇಡಿ. ಇನ್ನೊಂದು ಲೋಟ ಕಾಫಿಗೆ ಹೊತ್ತಿರುತ್ತದೆ.