ಹೆಸರು ಕೇಳದಿರುವಿಕೆಯ ಮೀಮಾಂಸೆ

ಈ ಭಾಷ್ಯಕ್ಕೆ ವಿಷಯ, 1935ರಲ್ಲಿ ಆರ್‌ಕೆಓ ಸ್ಟುಡಿಯೋ ತೆಗೆದ ‘ಟಾಪ್ ಹ್ಯಾಟ್’. ಅಧಿಕಾರಿಗಳು, ಊಟ ಮುಗಿಸಿ ಕಾಲು ಚಾಚಿ, ಕಥೆ ಏನಾದರೇನು ಎನ್ನುವಷ್ಟು ವೈರಾಗ್ಯ ಬಂದವರು. ಪ್ರಯೋಜನ ಏನೂ ಇಲ್ಲ. ಸಂಬಂಧವೆಂಬುದನ್ನು, ಯಾರು ಯಾರ ಗಂಡ ಎಂದೇ ತಿಳಿಯದ ಕಾರಣ, ಆಮೇಲೆ ನೋಡೋಣ.

ಪೂರ್ವಪಕ್ಷ. ಲಂಡನ್ನಿನ ಹೋಟೆಲಿನಲ್ಲಿ ಇಳಿದ ಜಿಂಜರ್ ರಾಜರ್ಸ್‌ಗೆ ತನ್ನ ಗೆಳತಿಯ ಗಂಡ ಹೊರೇಸ್‌ನ ಮುಖಪರಿಚಯವಿಲ್ಲ. ಬ್ರೀಫ್‌ಕೇಸು, ಬೆತ್ತ ಹಿಡಿದವರೇ ಹೊರೇಸ್ ಎಂದು ಗುಮಾಸ್ತ ಹೇಳುವ ಹೊತ್ತಿಗೆ ಸರಿಯಾಗಿ ಅವೆರಡೂ ಫ್ರೆಡ್ ಆಸ್ಟೇರ್ ಕೈ ಸೇರಿರುತ್ತವೆ. ಹೊಗೆ ಕಂಡಲ್ಲಿ ಬೆಂಕಿ, ಬೆತ್ತ ಕಂಡಲ್ಲಿ ಗಂಡ! ತಾರ್ಕಿಕರು ಹೇತ್ವಾಭಾಸವೆಂದು ಬೊಬ್ಬೆಯಿಡುವುದು ಇಂಥದ್ದಕ್ಕೇ. ಅಲ್ಲಿಂದ ವೆನಿಸ್ ತಲುಪಿದರೂ ಆಕೆ “ತಮ್ಮ ಹೆಸರು?” ಎನ್ನುವುದಿಲ್ಲ. ನಮ್ಮ ಸಿಟಿ ಬಸ್ಸಿನಲ್ಲಾಗಿದ್ದರೆ ಮುಂದಿನ ಸ್ಟಾಪಿನೊಳಗೆ ಹೆಸರು, ಊರು, ಸಂಬಳ ಎಲ್ಲ ಹೊರಬಿದ್ದು ಚಿತ್ರ ಮುಗಿಯುತ್ತಿತ್ತು. ಪುನರುಕ್ತಿ ದೋಷವೂ ಉಂಟು: ಹಿಂದಿನ ವರ್ಷದ ‘ದಿ ಗೇ ಡಿವೋರ್ಸೀ’ಯಲ್ಲೂ ಇದೇ ಜೋಡಿ, ಇದೇ ನಿರ್ದೇಶಕ ಮಾರ್ಕ್ ಸ್ಯಾಂಡ್ರಿಚ್, ಇಂಥದ್ದೇ ಅಪಾರ್ಥ. ವೆನಿಸ್ಸಂತೂ ಸ್ಟುಡಿಯೋದೊಳಗೆ ಕಟ್ಟಿದ್ದು. ಕಾಲುವೆಯ ನೀರಿಗೆ ಕಪ್ಪು ಬಣ್ಣ ಕಲಸಿದ್ದರು.

ಸಿದ್ಧಾಂತ. ಮೇಲಿನ ಕೋಣೆಯ ಕುಣಿತಕ್ಕೆ ನಿದ್ದೆಗೆಟ್ಟ ನಾಯಕಿ ಬಂದು ಜಗಳಾಡಿ ಹೋಗುತ್ತಾಳಷ್ಟೆ. ಆಗ ಆಸ್ಟೇರ್ ಸಿಗರೇಟು ಆರಿಸುವ ಕುಂಡದಿಂದ ಮರಳು ತಂದು ನೆಲಕ್ಕೆ ಎರಚಿ, ಟಪಟಪ ಬಿಟ್ಟು ಸರಸರ ಪಾದ ಉಜ್ಜುತ್ತಾನೆ. ಕೆಳಗೆ ಆಕೆಗೆ ಜೊಂಪು ಹತ್ತುತ್ತದೆ. ಪೂರ್ವಪಕ್ಷಿ ಇಲ್ಲೇ ಅರ್ಧ ಸೋತ.

ಇನ್ನರ್ಧ ವೆನಿಸ್‌ನಲ್ಲಿ. ನಿಜ ತಿಳಿಯದ ಹೊರೇಸ್‌ನ ಹೆಂಡತಿ, ಇನ್ನೂ ಹತ್ತಿರ ಕುಣಿಯಿರೆಂದು ಕೈಸನ್ನೆ ಮಾಡುತ್ತಾಳೆ. ಗೆಳತಿಯೇ ಗಂಡನನ್ನು ಧಾರೆ ಎರೆಯುತ್ತಿದ್ದಾಳಲ್ಲ ಎಂದು ನಾಯಕಿ ಕಕ್ಕಾಬಿಕ್ಕಿ. ಹೆಸರು ಕೇಳಿಬಿಟ್ಟಿದ್ದರೆ ಆ ಮುಖ ನೋಡಲು ಸಿಗುತ್ತಿತ್ತೆ? ಆಮೇಲೆ ಅರ್ವಿಂಗ್ ಬರ್ಲಿನ್ ಹಾಡಿಗೆ ಇಬ್ಬರೂ ತೇಲುತ್ತಾರೆ. ಉಷ್ಟ್ರಪಕ್ಷಿಯ ಗರಿ ಹೊಲಿದ ಆಕೆಯ ಉಡುಪು ಚಿತ್ರೀಕರಣದಲ್ಲಿ ಉದುರುತ್ತಲೇ ಇತ್ತು, ಆಸ್ಟೇರ್ ಸಿಡಿಮಿಡಿಗೊಂಡಿದ್ದ. ತೆರೆಯ ಮೇಲೆ ಎಷ್ಟು ಗರಿ ಉದುರಿದವೆಂದು ಎಣಿಸಲು ಈ ಭಾಷ್ಯಕಾರ ಮೂರು ಸಲ ಕೂತ. ಮೂರು ಸಲವೂ ಕಾಲುಗಳ ಕಡೆ ಕಣ್ಣು ಹೋಗಿ ಲೆಕ್ಕ ತಪ್ಪಿತು.

ಉಳಿದದ್ದು ಸಂಬಂಧ. ಸಿಟ್ಟಿಗೆದ್ದ ನಾಯಕಿ ಒಬ್ಬ ಉಡುಪು ವಿನ್ಯಾಸಕನನ್ನು ಮದುವೆಯಾಗಿಬಿಡುತ್ತಾಳೆ. ಆದರೆ ಮದುವೆ ಮಾಡಿಸಿದ ಪಾದ್ರಿ, ಕಾಲರು ಹಿಂದುಮುಂದಾಗಿ ತಿರುಗಿಸಿಕೊಂಡ ಹೊರೇಸ್‌ನ ಮನೆಯಾಳು. ಆತನ ಹೆಸರನ್ನೂ ಯಾರೂ ಕೇಳಿರಲಿಲ್ಲ.